ಚೆಂಬೂರಿನ ಗೊಂಬೆಗಳು

ಗೊಂಬೆ ನಿಲ್ಲಿಸುವುದೇನು ಮಹಾ ಕೆಲಸ ಅಂತ ಹೇಳುವವರು ಒಮ್ಮೆ ಮರವಂತೆಯ ಕಡಲತಡಿಗೆ ಬಂದು ಚಂದುವಿನ ಹತ್ತಿರ ಕುಳಿತು ನೋಡಬೇಕಿತ್ತು. ಗೊಂಬೆ ಅಂದರೆ ಒಂದು ಗೇಣಿಗಿಂತ ಚೂರು ಉದ್ದ. ಪಾದ ಹುಣಸೆಬೀಜದಷ್ಟು. ಅಷ್ಟು ಸಣ್ಣ ಪಾದದ ಮೇಲೆ, ಆ ಗಾಳಿಯಲ್ಲಿ, ಆ ಮರಳಿನಲ್ಲಿ ಅದು ತಾನಾಗಿ ನಿಲ್ಲಬೇಕಾದರೆ ದೇವರೇ ಬರಬೇಕು. ದೇವರಿಗೆ ಪುರುಸೊತ್ತು ಎಲ್ಲಿದೆ ಮಾರಾಯರೇ, ಹಾಗಾಗಿ ಚಂದು ಬರುತ್ತಿದ್ದಳು.

ಅವಳ ಸಾಮಾನೆಲ್ಲ ಬಲೆ ಕಟ್ಟುವ ಮನೆಯದ್ದೇ. ಮುರಿದ ಕೊಡೆಯ ಕಡ್ಡಿಯೊಂದನ್ನು ಗೊಂಬೆಯ ಕಾಲಿನ ಹಿಂದೆ, ಲಂಗದ ಒಳಗೆ ಮರೆಮಾಡಿ, ಸೊಂಟಕ್ಕೆ ತಂಗೂಸಿಯಿಂದ ಬಿಗಿಯುವಳು. ತಂಗೂಸಿ ಅಂದರೆ ಗಾಳಕ್ಕೆ ಹಾಕುವ ಸಪೂರದ ನೈಲಾನ್ ದಾರ. ಅದು ಬಿಸಿಲಿಗೆ ಮಿಂಚಿ ಫೋಟೋದಲ್ಲಿ ಗುಟ್ಟು ಬಿಟ್ಟುಕೊಡುತ್ತದೆ ಅಂತ ಮೊದಲೇ ಒದ್ದೆ ಮರಳಲ್ಲಿ ತಿಕ್ಕಿ ಹೊಳಪು ತೆಗೆದಿಡುವಳು. ಕಡ್ಡಿಯ ತುದಿಯನ್ನು ಒಣ ಮರಳಿಗೆ ಚುಚ್ಚಿದರೆ ಗೊಂಬೆ ವಾಲುತ್ತದೆ, ನೀರಿನ ಅಂಚಿಗೆ ಚುಚ್ಚಿದರೆ ತೆರೆ ಬಂದು ಬುಡ ಕೊರೆಯುತ್ತದೆ. ತೆರೆ ಬಂದು ಹಿಂದೆ ಸರಿದು ಮರಳು ಬಿಗಿಯಾದ ಜಾಗವನ್ನು ಹಿಮ್ಮಡಿಯಲ್ಲಿ ಒತ್ತಿ ನೋಡಿಯೇ ಆರಿಸಬೇಕು. ಗಾಳಿಗೆ ಲಂಗ ಹಾರದ ಹಾಗೆ ಅಂಚಿನ ಒಳಗೆ ಬಲೆಯ ಸೀಸದ ಗುಂಡು ಹೊಲಿದಿದ್ದಳು. ಕುತ್ತಿಗೆಗೆ ಮಾತ್ರ ದಾರ ಕಟ್ಟಲು ಬಿಡುವವಳಲ್ಲ.

“ಕುತ್ಗಿಗ್ ಕಟ್ರೆ ನೇಣ್ ಹಾಯ್ಕಂಡಾಂಗೆ ಕಾಣತ್ತ್ ಮಾರಾಯ್ತಿ. ಸೊಂಟಕ್ಕೇ ಕಟ್ಟ್,” ಅಂತ ಅಣ್ಣನ ಮಗಳು ನವ್ಯಾಳಿಗೆ ಗದರುವಳು.

ನವ್ಯಾ ಕುಂದಾಪುರದ ಬಟ್ಟೆಯಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಹುಡುಗಿ. ವಾರಕ್ಕೊಂದು ದಿನ ರಜೆ. ಆ ದಿನ ಅವಳಿಗೆ ಸಿನೆಮಾ ಬೇಡ, ಪೇಟೆ ಬೇಡ. ಚೀಲದಲ್ಲಿ ಗೊಂಬೆ, ಕೈಯಲ್ಲಿ ಮೊಬೈಲು, ಪಕ್ಕದಲ್ಲಿ ಚಂದು ಅತ್ತೆ. ಮರಳ ಮೇಲೆ ಕವುಚಿ ಮಲಗಿ, ಗೊಂಬೆಯ ಕಣ್ಣಿನ ಮಟ್ಟಕ್ಕೆ ಮೊಬೈಲು ಹಿಡಿದು ಅವಳು ತೆಗೆದ ಪಟಗಳಲ್ಲಿ ಕೆಂಪು ಲಂಗದ ಸ್ಪೇನಿನ ಗೊಂಬೆ ದೋಣಿಗೆ ಕಾಯುವ ಹೆಂಗಸಿನ ಹಾಗೆ ಕಾಣುತ್ತಿತ್ತು. ಜಪಾನಿನ ಗೊಂಬೆ ಬಿಜೂರಿನ ಗದ್ದೆಯಂಚಿನಲ್ಲಿ ಕೊಡೆ ಹಿಡಿದು ನಿಂತದ್ದನ್ನು ಫೇಸ್‌ಬುಕ್ಕಿಗೆ ಹಾಕಿದಾಗ, ಇದು ಹೇಗೆ ನಿಂತಿತು, ಇದಕ್ಕೆ ಸ್ಟ್ಯಾಂಡ್ ಎಲ್ಲಿದೆ ಅಂತ ಯಾರುಯಾರೋ ಕೇಳಿದರು. ಗೊಂಬೆ ಸಂಗ್ರಹ ಮಾಡುವವರಂತೆ, ಮುಂಬೈಯವರು, ದುಬೈಯವರು.

“ಹ್ವಾಯ್ ಚಂದು, ಗೊಂಬಿಗ್ ಮದಿ ಮಾಡ್ಸುಕೆ ಹೊರಟದ್ದಾ?” ಅಂತ ಮೀನು ಒಣಗಿಸುವ ಹೆಂಗಸರು ತಮಾಷೆ ಮಾಡುತ್ತಿದ್ದರು.

“ಹೌದೇ, ನಿಮ್ಮನಿ ಗಂಡ್ ಇದ್ರೆ ಹೇಳಿ,” ಅಂತ ಚಂದು ತಿರುಗಿಸಿ ಕೊಡುವಳು. ಆದರೆ ಅದೇ ಹೆಂಗಸರು ತಮ್ಮನೆ ಮದುವೆಗೆ ಅವಳು ಹೋದಾಗ ಬೆಳ್ಳಿ ತಟ್ಟೆಯನ್ನು ಮೆಲ್ಲಗೆ ಒಳಗೆ ಸಾಗಿಸುವುದನ್ನು ಅವಳು ನೋಡಿದ್ದಾಳೆ. ಬಾಂಬೆಯಲ್ಲಿ ದಣಿಗಳ ಮನೆಯಲ್ಲಿ ಕದ್ದು ಬಂದವಳು, ಕೈ ಶುದ್ಧ ಇಲ್ಲದವಳು ಅಂತ ಊರು ಅವಳಿಗೆ ಹೆಸರಿಟ್ಟು ಹದಿನೇಳು ವರ್ಷ ಆಗಿತ್ತು. ಚಂದು ಕಂಡೂ ಕಾಣದ ಹಾಗೆ ಇರುತ್ತಿದ್ದಳು. ಅದಕ್ಕೊಂದು ಕಾರಣ ಇತ್ತು. ಅದನ್ನು ಹೇಳಬೇಕಾದರೆ ಹಿಂದಕ್ಕೆ ಹೋಗಬೇಕು.

ಮುಂಬೈಯ ಚೆಂಬೂರಿನಲ್ಲಿ ಬ್ರಹ್ಮಾವರದ ಕಡೆಯ ಹೋಟೆಲು ದಣಿಗಳ ಮನೆ. ಚಂದುವಿನ ಅಣ್ಣ ಬಚ್ಚ ಅಲ್ಲಿ ಅಡಿಗೆಗಿದ್ದ. ದಣಿಗಳ ಹೆಂಡತಿಗೆ ಹೆರಿಗೆಯಾದಾಗ ಮಗು ನೋಡಿಕೊಳ್ಳಲು ಊರಿನ ಹುಡುಗಿಯೇ ಬೇಕು ಅಂದರು, ಬಚ್ಚ ತಂಗಿಯನ್ನು ಕರೆಸಿದ. ಮಗುವಿನ ಹೆಸರು ಶ್ರಾವ್ಯ, ಎಲ್ಲರ ಬಾಯಲ್ಲಿ ಬೇಬಿ. ತಾಯಿಗೆ ಕ್ಲಬ್ಬು, ತಂದೆಗೆ ಹೋಟೆಲು. ಬೇಬಿಯ ಸ್ನಾನ, ಊಟ, ನಿದ್ದೆ, ಜ್ವರ, ಜಡೆ ಎಲ್ಲ ಚಂದುವಿನ ಕೈಯಲ್ಲಿ. ಹೆತ್ತವಳಲ್ಲ ಅನ್ನುವುದೊಂದು ಬಿಟ್ಟರೆ ಚಂದು ಆ ಮಗುವಿಗೆ ಎಲ್ಲವೂ ಆಗಿದ್ದಳು.

ದಣಿಗಳು ವಿದೇಶಕ್ಕೆ ಹೋದಾಗಲೆಲ್ಲ ಮಗಳಿಗೆ ಒಂದೊಂದು ಗೊಂಬೆ ತರುತ್ತಿದ್ದರು. ಆಡಲಿಕ್ಕಲ್ಲ, ನೋಡಲಿಕ್ಕೆ. ಗಾಜಿನ ಕಪಾಟು, ಒಳಗೆ ಹಲಗೆಗೆ ಬಡಿದು ಕೂರಿಸಿದ ಸ್ಟ್ಯಾಂಡುಗಳು, ಅದರ ಮೇಲೆ ಸಾಲಾಗಿ ಗೊಂಬೆಗಳು. ಮಗು ಗಾಜಿಗೆ ಮೂಗು ಒತ್ತಿ ನಿಲ್ಲುವುದನ್ನು ನೋಡಲಾರದೆ ಚಂದು ಒಮ್ಮೆ, ಬೇಬಿಗೆ ಜ್ವರ ಕಾಯುತ್ತಿದ್ದಾಗ, ಯಾರೂ ಇಲ್ಲದ ಹೊತ್ತಿಗೆ ಕೆಂಪು ಲಂಗದ ಗೊಂಬೆಯನ್ನು ಹೊರಗೆ ತೆಗೆದುಕೊಟ್ಟಳು. ಕಹಿ ಮದ್ದು ಬಾಯಿಗೆ ಬಿದ್ದದ್ದೇ ತಡ, ಬೇಬಿ ಸಿಟ್ಟಿನಿಂದ ಗೊಂಬೆಯ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು. ಹಲ್ಲಿನ ಗುರುತು ಅಚ್ಚೊತ್ತಿದ ಹಾಗೆ ಉಳಿಯಿತು. ಅಮ್ಮನಿಗೆ ಹೇಳಬೇಡ ಅಂತ ಇಬ್ಬರೂ ಬಾಯಿಗೆ ಬೆರಳಿಟ್ಟು ನಕ್ಕರು.

1997ರ ಬೇಸಿಗೆಯಲ್ಲಿ ಚಂದುವಿಗೆ ಗಂಡು ಗೊತ್ತಾಯಿತು. ಬಿಜೂರಿನ ಪ್ರೇಮಾನಂದ, ಮುಂಬೈಯಲ್ಲೇ ಡ್ರೈವರು, ಚಂದು ಮೆಚ್ಚಿದ ಗಂಡು. ದಣಿಗಳ ಮನೆಯವರು ರಜೆಗೆ ವಿದೇಶಕ್ಕೆ ಹೋಗಿದ್ದ ಆ ಹೊತ್ತಿಗೆ ಅವಳು ಮೊದಲು ಊರಿಗೆ ಬಂದಳು, ನಿಶ್ಚಯ ತಾಂಬೂಲಕ್ಕೆ ಬಚ್ಚ ಆಮೇಲೆ ಬಂದ. ಅವನ ಟ್ರಂಕಿನಿಂದ ಚೆಂಬೂರಿನ ಗೊಂಬೆಗಳು ಹೊರಗೆ ಬಂದವು!

“ಅಣ್ಣಾ, ಇದೆಂತ ಕೆಲ್ಸ ಮಾಡ್ದೆ ನೀನ್?”

“ಕಪಾಟಲ್ಲಿ ಧೂಳ್ ತಿಂತಿದ್ವೇ. ನನ್ ಹೆಣ್ಣ್ ಗೆರಟಿ ಹಿಡ್ಕಂಡ್ ಆಡ್ತ್. ಬೇಬಿ ಪ್ರಾಯವೇ ಅಲ್ದಾ ಅದಕ್ಕೂ?”

ಗೆರಟೆ ಅಂದರೆ ತೆಂಗಿನ ಚಿಪ್ಪು. ಆರು ವರ್ಷದ ನವ್ಯಾ ಆಗಲೇ ಗೊಂಬೆಗಳನ್ನು ಅವುಚಿ ಹಿಡಿದು ಮಲಗಿದ್ದಳು. ಆ ಕೈ ಬಿಡಿಸಲು ಚಂದುವಿಗೆ ಮನಸ್ಸು ಬರಲಿಲ್ಲ. ಚೆಂಬೂರಿಗೆ ಹೋದ ಕೂಡಲೇ ದಣಿಗಳ ಮನೆಯ ಅಮ್ಮನ ಹತ್ತಿರ ನಿಜ ಹೇಳಿಬಿಡು ಅಂತ ಅಣ್ಣನ ಕೈ ಹಿಡಿದು ಬೇಡಿಕೊಂಡಳು. ಅವನು ತಲೆಯಾಡಿಸಿ ಹೋದ.

ಹದಿನೈದು ದಿನ ಕಳೆದಿರಲಿಲ್ಲ, ಅಂಗಡಿಯ ಫೋನಿಗೆ ಬಚ್ಚನ ಕರೆ. ಗೊಂಬೆ ಹೋದದ್ದು ಗೊತ್ತಾಗಿದೆಯಂತೆ, ಅವರು ಚಂದುವಿನ ಮೇಲೆ ಸಂಶಯ ಪಟ್ಟಿದ್ದಾರಂತೆ, ತನ್ನ ನಾಲಿಗೆ ಹೊರಳಲಿಲ್ಲವಂತೆ. ಈಗ ಹೇಳಿದರೆ ಪೊಲೀಸು, ಕೆಲಸ ಹೋಗುತ್ತದೆ, ಹೆಂಡತಿ ಮಗಳು ಬೀದಿಗೆ ಬೀಳುತ್ತಾರೆ. “ನೀ ಒಂಚೂರ್ ದಿನ ಸುಮ್ನಿರ್ ಚಂದು. ಹೊತ್ತ್ ಕಂಡ್ ನಾನೇ ಹೇಳ್ತೆ.”

ಚಂದು ಆಯಿತು ಅಂದಳು. ಅಣ್ಣನಲ್ಲವೇ? ಅಪ್ಪ ಹೋದ ಮೇಲೆ ಗಂಜಿ ಹಾಕಿದವನಲ್ಲವೇ? ಆದರೆ ಮುಂಬೈಯ ಸುದ್ದಿಗೆ ಕಾಲು ಉದ್ದ. ಬಿಜೂರಿನವರು ತಾಂಬೂಲ ಹಿಂದಕ್ಕೆ ಕಳಿಸಿದರು. ಪ್ರೇಮಾನಂದ ಒಂದು ಮಾತೂ ಕೇಳಲು ಬರಲಿಲ್ಲ. ಆಮೇಲೆ ಬಂದ ಗಂಡುಗಳೆಲ್ಲ ಬಾಗಿಲ ತನಕ ಬಂದು ವಾಪಸು.

ಆ ದೀಪಾವಳಿಗೆ ಬಚ್ಚ ಊರಿಗೆ ಬಂದವನು ತಂಗಿಯನ್ನು ಕಡಲ ಬದಿಗೆ ಕರೆದುಕೊಂಡು ಹೋದ. ನೀರಿಗೆ ಕಾಲಿಟ್ಟು, ಕಡಲಿಗೆ ಮುಖ ಮಾಡಿ ನಿಂತ. ಅವರ ಮನೆತನದಲ್ಲಿ ಹಾಗೆ ನಿಂತು ಸುಳ್ಳು ಹೇಳಿದವರಿಲ್ಲ. ಆ ನೀರಿಗೇ ನಾಳೆ ದೋಣಿ ಇಳಿಸಬೇಕಲ್ಲ.

“ಕಡಲಾಣೆ ಚಂದು, ಎಲ್ಲ ಹೇಳ್ದೆ. ಅಮ್ಮ ನೆಗಾಡ್ರ್. ನಿನ್ ಮಗ್ಳೇ ಆಡ್ಲಿ ಬಿಡ್ ಅಂದ್ರ್. ಬೇಬಿಗೂ ಗೊತ್ತಿತ್ತ್ ನೀ ತೆಗಿಲಿಲ್ಲ ಅಂದ್ಹೇಳಿ. ಬೇಬಿ ನಿನ್ನ ಕೇಂಡ್ತ್.”

ಬೇಬಿ ನಿನ್ನನ್ನು ಕೇಳಿತು. ಆ ಒಂದು ಮಾತು ಚಂದುವಿಗೆ ಸಾಕಾಯಿತು. ಅಲ್ಲಿ ಬೇರೆ ಆಯಾ ಬಂದಾಗಿದೆ, ಇನ್ನು ಹೋಗುವುದು ಬೇಡ. ಊರಿನಲ್ಲಿ ನಿಜ ಹೇಳಿದರೆ ನವ್ಯಾಳನ್ನು ಶಾಲೆಯಲ್ಲಿ ಕಳ್ಳನ ಮಗಳು ಅನ್ನುತ್ತಾರೆ, ಅದೂ ಬೇಡ ಅಂದ ಬಚ್ಚ. ಚಂದು ಅದನ್ನೂ ಹೊಟ್ಟೆಗೆ ಹಾಕಿಕೊಂಡಳು. ಊರು ಏನು ಬೇಕಾದರೂ ಹೇಳಲಿ, ಆ ಮಗುವಿಗೆ ಗೊತ್ತಿದೆ. ಅದರ ಕಣ್ಣಿನಲ್ಲಿ ನಾನು ಕಳ್ಳಿ ಅಲ್ಲ. ಅತ್ತಿಗೆ ವನಜ ಮೊದಮೊದಲು ಅಕ್ಕಿ ಪೆಟ್ಟಿಗೆಗೆ ಬೀಗ ಹಾಕಿ ವಂಡ್ಸೆಗೆ ಮೀನು ಮಾರಲು ಹೋಗುತ್ತಿದ್ದಾಗಲೂ ಅವಳು ಅದನ್ನೇ ನೆನೆದು ಸುಮ್ಮನಾಗುತ್ತಿದ್ದಳು. ಬಚ್ಚ ವರ್ಷವರ್ಷ ಬರುವಾಗ ಬೇರೇನೂ ತರದಿದ್ದರೂ ಆ ಮಾತನ್ನು ಮರೆಯದೆ ತರುತ್ತಿದ್ದ. ಬೇಬಿ ನಿನ್ನ ಕೇಂಡ್ತ್. ಬೇಬಿ ಹತ್ತನೇ ಪಾಸಾಯ್ತ್, ನಿನ್ನ ಕೇಂಡ್ತ್. ಬೇಬಿ ಕಾಲೇಜಿಗ್ ಹೋತ್, ನಿನ್ನ ಕೇಂಡ್ತ್. ಚಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಅವತ್ತು ಪಾಯಸ ಮಾಡುತ್ತಿದ್ದಳು.

ಸ್ಟ್ಯಾಂಡುಗಳು ಚೆಂಬೂರಿನ ಕಪಾಟಿನಲ್ಲೇ ಉಳಿದಿದ್ದವು. ಹಾಗಾಗಿ ಮನೆಗೆ ಬಂದ ಗೊಂಬೆಗಳು ನಿಲ್ಲುತ್ತಲೇ ಇರಲಿಲ್ಲ. ನವ್ಯಾ ಅತ್ತು ರಂಪ ಮಾಡಿದಾಗ ಕೊಡೆಕಡ್ಡಿ, ತಂಗೂಸಿ ಹಿಡಿದು ಚಂದುವೇ ನಿಲ್ಲಿಸಿಕೊಟ್ಟಳು. ತನ್ನ ಮದುವೆ ಮುರಿದ ಗೊಂಬೆಗಳನ್ನು ತಾನೇ ಸೊಂಟ ಹಿಡಿದು ನಿಲ್ಲಿಸುವುದು ಅಂದರೆ! ಬೇರೆ ಯಾರಾದರೂ ಒಲೆಗೆ ಹಾಕುತ್ತಿದ್ದರು. ಚಂದುವಿಗೆ ಅವು ಬೇಬಿಯ ವಾಸನೆ ಇದ್ದ ವಸ್ತುಗಳು.

ಈಗ 2014ಕ್ಕೆ ಬರುವ. ಬಚ್ಚ ಮುಂಬೈ ಬಿಟ್ಟು ಬಂದು ಎರಡು ವರ್ಷ ಆಗಿತ್ತು, ಗಂಟು ನೋವು ಅಂತ ಜಗಲಿಯಲ್ಲೇ ಕೂತಿರುತ್ತಿದ್ದ. ಫೇಸ್‌ಬುಕ್ಕು ಅವನಿಗೆ ತಿಳಿಯದು. ಮಗಳು ಕಡಲ ಬದಿಯಲ್ಲಿ ಗೊಂಬೆ ಪಟ ತೆಗೆಯುತ್ತಾಳೆ ಅನ್ನುವುದಷ್ಟೇ ಗೊತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ ಗಾಳಿ ಇಳಿದಿತ್ತು. ನವ್ಯಾ ಕೆಂಪು ಲಂಗದ ಗೊಂಬೆಯನ್ನು ಎಂದಿನಂತೆ ಕಡಲಿಗೆ ಮುಖ ಮಾಡಿಸಲು ಹೊರಟಳು.

“ಇವತ್ತ್ ಈ ಬದಿಗ್ ತಿರ್ಗ್ಸ್. ಕೈ ಎತ್ತ್‌ಸುವ,” ಅಂದಳು ಚಂದು.

“ಆ ಹೆಬ್ಬೆಟ್ಟ್ ಹಾಳಾಯಿತ್ತಲೆ ಅತ್ತೆ. ಯಾವತ್ತೂ ನೀವೇ ಅದನ್ ಅಡ್ಗಿಸ್ತ್ರಿ.”

“ಇವತ್ತ್ ಕಾಣ್ಲಿ.”

ಎತ್ತಿದ ಕೈ ನಿಲ್ಲಬೇಕಲ್ಲ, ಭುಜದ ಕೀಲು ಸಡಿಲ. ಚಂದು ಕೂದಲಿಗಿಂತ ಸಪೂರದ ಎಳೆಯನ್ನು ಮಣಿಕಟ್ಟಿನಿಂದ ತುರುಬಿನ ಒಳಕ್ಕೆ ಎಳೆದು ಕಟ್ಟಿದಳು. ಗೊಂಬೆ ಯಾರನ್ನೋ ಕರೆಯುವ ಹಾಗೆ ಕೈಯೆತ್ತಿ ನಿಂತಿತು. ಹೆಬ್ಬೆರಳಿನ ಹಲ್ಲಿನ ಗುರುತಿನ ಮೇಲೆ ಬೆಳಗಿನ ಬೆಳಕು ನೇರ ಬಿತ್ತು. ಮುಂಬೈಯವರೆಲ್ಲ ಇದನ್ನು ನೋಡುತ್ತಾರೆ ಅಂತ ನವ್ಯಾ ಹೇಳಿದ್ದಳಲ್ಲ, ಬೇಬಿಯೂ ನೋಡಲಿ ಅಂತಲೇ ಚಂದು ಹಾಗೆ ಮಾಡಿದ್ದು. ಈ ಗುರುತು ಹಲ್ಲಿನದ್ದು ಅಂತ ತಮ್ಮಿಬ್ಬರಿಗೆ ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ನೋಡಿದರೆ ಅದಕ್ಕೆಷ್ಟು ಖುಷಿ ಆದೀತು ಅಂತ ಅವಳು ಒಬ್ಬಳೇ ನಗುತ್ತಿದ್ದಳು.

ನಾಲ್ಕೈದು ದಿನ ಕಳೆದು ನವ್ಯಾ ಅಂಗಡಿಯಿಂದ ಓಡೋಡಿ ಬಂದಳು. “ಅತ್ತೇ, ಯಾರೋ ಶ್ರಾವ್ಯ ಅಂಬ್ರ್, ಚೆಂಬೂರ್. ಹೆಬ್ಬೆಟ್ಟಲ್ಲಿ ಇಪ್ಪುದ್ ಹಲ್ಲಿನ ಗುರ್ತಾ ಅಂದ್ಹೇಳಿ ಕೇಂಡಿದ್ರ್. ನಾನ್ ನಂಬರ್ ಕೊಟ್ಟಿದೆ. ಆಯ್ತಾರ ಬೆಳಿಗ್ಗೆ ಫೋನ್ ಮಾಡ್ತ್ರಂಬ್ರ್.”

ಚಂದು ಕೈಯಲ್ಲಿದ್ದ ಬಲೆ ಬಿಟ್ಟು ಎದ್ದು ನಿಂತಳು. ಏನು ಮಾಡಬೇಕು ಅಂತ ತಿಳಿಯದೆ ಮತ್ತೆ ಕೂತಳು. “ಅದ್ ನಮ್ಮನಿ ಬೇಬಿ ಮಗಾ. ನಾನ್ ಸಾಕಿದ್ ಹೆಣ್ಣ್,” ಅಂದಳು.

ಜಗಲಿಯಲ್ಲಿ ಗಂಜಿ ಉಣ್ಣುತ್ತಿದ್ದ ಬಚ್ಚನಿಗೆ ತುತ್ತು ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪು. “ಯಾರ್ ಹೇಳಿದ್ ನಿಂಗೆ ಊರಿಗೆಲ್ಲ ಪಟ ಹಂಚುಕೆ? ತೆಗಿ ಅದನ್ನ! ಫೋನ್ ಬಂದ್ರೆ ಎತ್ತುಕಾಗ.”

“ಎಂತಕೆ ಅಣ್ಣ? ಅವ್ರಿಗೆ ಎಲ್ಲ ಗೊತ್ತಿತ್ತಲ್ದಾ?” ಅಂದಳು ಚಂದು.

“ದೊಡ್ಡವ್ರ ಸುದ್ದಿ ನಮ್ಗೆಂತಕೆ? ನವ್ಯಾನ ಮದಿ ಮಾತ್ಕತಿ ಆತಾ ಇತ್ತ್, ಹಳೇದೆಲ್ಲ ಕೆದ್ಕುಕಾಗ.”

ಪಾಪ, ನಾಚಿಕೆ ಅವನಿಗೆ ಅಂದುಕೊಂಡಳು ಚಂದು. ಇಷ್ಟು ವರ್ಷ ಆದರೂ ಮಗಳೆದುರು ಆ ವಿಷಯ ಬಂದರೆ ನಾಚಿಕೆ ಆಗದೆ ಇರುತ್ತದಾ? ಅಣ್ಣನ ಮೇಲೆ ಅವಳಿಗೆ ಕನಿಕರವೇ ಬಂತು. ಹುಚ್ಚು ಹೆಂಗಸು ನೋಡಿ!

ಭಾನುವಾರ ಬೆಳಿಗ್ಗೆ ಅವಳು ತಲೆಗೆ ಸ್ನಾನ ಮಾಡಿ, ಮದುವೆಗೆ ಉಡುವ ಸೀರೆ ಉಟ್ಟು ಜಗಲಿಯಲ್ಲಿ ಕೂತಳು. ಫೋನಿನಲ್ಲಿ ಸೀರೆ ಕಾಣುವುದಿಲ್ಲ ಅತ್ತೆ ಅಂತ ನವ್ಯಾ ನಕ್ಕಳು. ತಲೆನೋವು ಅಂತ ಒಳಗೆ ಹೊದ್ದು ಮಲಗಿದ್ದ ಬಚ್ಚನನ್ನು ಚಂದುವೇ ಎಬ್ಬಿಸಿ, ಬೇಬಿ ಹತ್ತಿರ ನೀನೂ ಒಂದು ಮಾತಾಡು ಅಂತ ಕುರ್ಚಿ ಹಾಕಿ ಕೂರಿಸಿದಳು. ವನಜ ಅಂಗಳದಲ್ಲಿ ಮೀನು ಕೆರೆಯುತ್ತಿದ್ದಳು. ಫೋನು ಬಡಿದುಕೊಂಡಿತು. ಎಲ್ಲರಿಗೂ ಕೇಳುವ ಹಾಗೆ ನವ್ಯಾ ಸ್ಪೀಕರಿಗೆ ಹಾಕಿದಳು.

“ಹಲೋ, ನಾನು ಶ್ರಾವ್ಯ. ಆ ಗೊಂಬೆ ನಿಮಗೆ ಎಲ್ಲಿ ಸಿಕ್ತು?” ಪೇಟೆ ಕನ್ನಡ, ನಡುವೆ ಹಿಂದಿಯ ಎಳೆತ. ಆದರೂ ಆ ಸ್ವರದ ಬುಡದಲ್ಲಿ ಮಗುವಿನ ಸ್ವರ ಇತ್ತು. ಚಂದು ಫೋನಿನ ಹತ್ತಿರಕ್ಕೆ ಸರಿದು ಕೂತಳು.

“ಅದು ಚಿಕ್ಕಂದಿನಿಂದ ನನ್ನ ಹತ್ತಿರ ಇದೆ,” ಅಂದಳು ನವ್ಯಾ.

“ನಿಮ್ಮ ಊರು ಮರವಂತೆ ಅಂತ ಹಾಕಿದ್ದೀರಿ. ಅಲ್ಲಿ ಬಚ್ಚಣ್ಣ ಅಂತ ಗೊತ್ತಾ? ನಮ್ಮಲ್ಲಿ ಅಡಿಗೆಗಿದ್ದರು.”

“ನನ್ನ ಅಪ್ಪಯ್ಯ ಅವರು.”

“ಓ...” ಅಂದಳು ಆ ಕಡೆಯವಳು. “ಹಾಗಾದರೆ ಅವಳು ನಿಮ್ಮ ಮನೆಗೇ ತಂದಿಟ್ಟಿದ್ದಾಳೆ. ನಿಮ್ಮದೇನೂ ತಪ್ಪಿಲ್ಲ ಬಿಡಿ. ಬಚ್ಚಣ್ಣನ ತಂಗಿ ಒಬ್ಬಳಿದ್ದಳು, ಚಂದು ಅಂತ. ನನ್ನ ಆಯಾ. ಊರಿಗೆ ಹೋಗುವ ನೆಪದಲ್ಲಿ ಗೊಂಬೆ ಕದ್ದುಕೊಂಡು ಹೋದಳು. ಪಾಪ, ಬಚ್ಚಣ್ಣನೇ ಕಂಡುಹಿಡಿದು ಮಮ್ಮಿಗೆ ಹೇಳಿದ್ದು. ಮಮ್ಮಿಯ ಕಾಲು ಹಿಡಿದು ಅತ್ತ. ನನ್ನ ತಂಗಿ ಅಂತ ಮಾಫಿ ಮಾಡಿ, ಪೊಲೀಸಿಗೆ ಕೊಡಬೇಡಿ ಅಂತ. ಅವನ ಮುಖ ನೋಡಿ ಡ್ಯಾಡಿ ಸುಮ್ಮನಾದರು.”

ಅಂಗಳದಲ್ಲಿ ಮೀನು ಕೆರೆಯುವ ಸದ್ದು ನಿಂತಿತು.

ಚಂದುವಿಗೆ ಮೊದಲು ಅರ್ಥವೇ ಆಗಲಿಲ್ಲ. ಇವಳು ಬೇರೆ ಯಾರದೋ ಕತೆ ಹೇಳುತ್ತಿದ್ದಾಳೆ ಅನಿಸಿತು. ಬಚ್ಚಣ್ಣನೇ ಹೇಳಿದ್ದು. ಅವರು ಸಂಶಯ ಪಟ್ಟದ್ದಲ್ಲ. ಇವನು ಸುಮ್ಮನಿದ್ದದ್ದೂ ಅಲ್ಲ. ಬಾಯಿ ಬಿಟ್ಟು, ಹೆಸರು ಹಿಡಿದು, ಕಾಲಿಗೆ ಬಿದ್ದು ಇವನೇ ಹೇಳಿದ್ದು. ಅವಳು ಅಣ್ಣನ ಕಡೆ ತಿರುಗಿದಳು. ಅವನು ತನ್ನ ಮೊಣಕಾಲನ್ನು ನೋಡುತ್ತಿದ್ದ. ಆಗ ಅರ್ಥವಾಯಿತು.

ಅವಳು ಫೋನನ್ನು ನವ್ಯಾಳ ಕೈಯಿಂದ ತೆಗೆದುಕೊಂಡಳು. “ಬೇಬೀ... ನಾನ್ ಚಂದು.”

ಆ ಕಡೆಯಿಂದ ಸ್ವರ ಸಣ್ಣದಾಗಿ ಬಂತು. “ಗೊಂಬೆ ಹೋದದ್ದಕ್ಕೆ ನಾನು ಅಳಲಿಲ್ಲ ಚಂದು. ಕೇಳಿದ್ದರೆ ಕೊಡುತ್ತಿದ್ದೆ. ಆ ಕಚ್ಚಿದ ಗೊಂಬೆಯನ್ನು ಹೇಗೆ ತಗೊಂಡು ಹೋದೆ ನೀನು? ಅದು ನಮ್ಮಿಬ್ಬರದ್ದಲ್ವಾ?”

ಚಂದು ಫೋನನ್ನು ಅಣ್ಣನ ಮುಂದೆ ಹಿಡಿದಳು. “ಅಣ್ಣಾ, ಹೇಳ್. ಈಗಳಾರೂ ಹೇಳ್. ಬೇರೆ ಯಾರಿಗೂ ಬ್ಯಾಡ, ಅದಕ್ಕೊಂದ್ ಹೇಳ್.”

ಬಚ್ಚ ತಂಗಿಯ ಮುಖ ನೋಡಿದ, ಮಗಳ ಮುಖ ನೋಡಿದ. ಫೋನು ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು ಚಂದುವಿಗೆ, ಆ ಹೊತ್ತಿನಲ್ಲೂ, ಒಂದು ಆಸೆ ಹುಟ್ಟಿತು. ಹೇಳುತ್ತಾನೆ. ಎಷ್ಟಾದರೂ ಒಡಹುಟ್ಟಿದವನು, ಹೇಳಿಯೇ ಹೇಳುತ್ತಾನೆ.

“ಬೇಬಿ, ನಾನು ಬಚ್ಚಣ್ಣ,” ಅಂದ ಅವನು. ಚೆಂಬೂರಿನ ಮನೆಯಲ್ಲಿ ಮಾತಾಡುತ್ತಿದ್ದ ವಿನಯದ ಕನ್ನಡ, ಹಾಗೆಯೇ ನಾಲಿಗೆಗೆ ಬಂತು. “ಅವಳನ್ನು ಕ್ಷಮಿಸಿಬಿಡಿ ಬೇಬಿ. ವಯಸ್ಸಾಯಿತು, ಒಂಟಿ ಹೆಂಗಸು. ಬುದ್ಧಿ ಇಲ್ಲದೆ ಮಾಡಿದ್ದು.”

“ಅಪ್ಪಯ್ಯಾ!” ನವ್ಯಾ ಕಿರುಚಿದಳು. ಅವಳಿಗೆ ನಿಜ ಯಾರೂ ಹೇಳಿರಲಿಲ್ಲ, ಆದರೆ ಅತ್ತೆಯ ಮುಖ ಕಂಡ ಮೇಲೆ ಹೇಳುವ ಅಗತ್ಯವೂ ಇರಲಿಲ್ಲ.

ಚಂದು ಫೋನು ಕಿತ್ತುಕೊಂಡಳು. ಹದಿನೇಳು ವರ್ಷ ಬಾಯಿಗೆ ಹಾಕಿದ ಬೀಗ ಅದು, ತೆರೆಯುವಾಗ ಮಾತು ಮಾತಾಗಿ ಬರಲಿಲ್ಲ, ತುಂಡು ತುಂಡಾಗಿ ಬಂತು. “ಬೇಬೀ, ನಾನಲ್ಲ. ದೇವ್ರಾಣೆ ನಾನಲ್ಲ. ಅಣ್ಣ ತಂದದ್ದ್. ಅವನ್ ಕೆಲ್ಸ ಹೋತ್ತ್ ಅಂದ್ಹೇಳಿ ನಾ ಸುಮ್ನಿದ್ದೆ. ಎಲ್ಲ ಹೇಳಿದೆ ಅಂದಿದ್ದ ನಂಗೆ. ನಿಂಗೆ ಗೊತ್ತಿತ್ತ್ ಅಂತ್ಲೇ ನಾ ಜೀವ ಹಿಡ್ಕಂಡ್ ಇದ್ದದ್ದ್ ಮಗಾ.”

ಆ ಕಡೆಯವಳ ಸ್ವರದಲ್ಲಿ ಸಿಟ್ಟಿರಲಿಲ್ಲ, ಬೇಸರ ಇತ್ತು.

“ನೀನು ಹೀಗೇ ಹೇಳ್ತಿ ಅಂತ ಬಚ್ಚಣ್ಣ ಅವತ್ತೇ ಹೇಳಿದ್ದ. ಕೇಳಿದರೆ ನನ್ನ ಮೇಲೇ ಹಾಕ್ತಾಳೆ ಅಂತ. ಗೊಂಬೆ ಅಲ್ಲೇ ಇರಲಿ, ನನಗೆ ಬೇಡ.”

ಫೋನು ಕಡಿಯಿತು.

ನವ್ಯಾ ಅಳುತ್ತಾ ಮತ್ತೆ ಮತ್ತೆ ನಂಬರು ಒತ್ತಿದಳು. ಅತ್ತ ಕಡೆ ಎತ್ತಲಿಲ್ಲ. ನಾನು ಬರೆದು ಹಾಕುತ್ತೇನೆ ಅತ್ತೆ, ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತೇನೆ ಅಂದಳು. ವನಜ ಮೀನಿನ ಕೈಯಲ್ಲೇ ಜಗಲಿಯ ಮೆಟ್ಟಿಲಿನವರೆಗೆ ಬಂದು, ಗಂಡನನ್ನೊಮ್ಮೆ ನಾದಿನಿಯನ್ನೊಮ್ಮೆ ನೋಡುತ್ತಾ, “ಗೊಂಬಿ ನೀ ಕೊಟ್ಟ್ ಕಳ್ಸಿದ್ದ್ ಅಂದಿದ್ರ್ ಇವ್ರ್, ನಾನೂ ನಿನ್ನ ಹಾಂಗೇ ತಿಳ್ಕಂಡಿದೆ ಚಂದು, ಅಯ್ಯೋ ನನ್ ಬಾಯಿಗ್ ಹುಳ ಬೀಳ,” ಅಂತ ಹಣೆ ಚಚ್ಚಿಕೊಂಡಳು.

ಚಂದುವಿಗೆ ಅದು ಯಾವುದೂ ಬೇಕಿರಲಿಲ್ಲ. ಊರಿನ ಮುಂದೆ ಹೆಸರು ತೊಳೆದುಕೊಳ್ಳುವ ಆಸೆ ಅವಳಿಗೆ ಎಂದೂ ಇದ್ದದ್ದಲ್ಲ. ಇದ್ದದ್ದು ಒಂದೇ ಜಾಗ, ಒಂದೇ ಮಗುವಿನ ಮನಸ್ಸು. ಅಲ್ಲಿ ತಾನು ಬಾಗಿಲು ತಟ್ಟುವ ಮೊದಲೇ ಅಣ್ಣ ಒಳಗಿನಿಂದ ಚಿಲಕ ಹಾಕಿಸಿ ಬಂದಿದ್ದ. ಅವಳು ನಿಧಾನಕ್ಕೆ ಬಂದು ಅವನ ಎದುರು ನೆಲದ ಮೇಲೆ ಕೂತಳು.

“ಮನಿ ಉಳೀಕಿತ್ತಲೆ ಚಂದು,” ಅಂತ ಬಚ್ಚ ಮುಖ ಮುಚ್ಚಿಕೊಂಡು ಬಿಕ್ಕಿದ. “ಹೆಣ್ಣ್ ಸಣ್ಣದಿತ್ತ್. ನಾನೆಂತ ಮಾಡ್ಕಿತ್ತ್?”

“ಅದೆಲ್ಲ ಬಿಡ್ ಅಣ್ಣ. ಒಂದೇ ಒಂದ್ ಕೇಣ್ತೆ. ಇಷ್ಟ್ ವರ್ಷ, ಬೇಬಿ ನಿನ್ನ ಕೇಂಡ್ತ್, ಬೇಬಿ ನಿನ್ನ ಕೇಂಡ್ತ್ ಅಂದ್ಹೇಳಿ ಬಂದ್ ಹೇಳ್ತಿದ್ದೆ. ಒಂದ್ ಸಲವಾರೂ ಕೇಂಡಿತ್ತಾ ಅದ್?”

ಬಚ್ಚ ಮುಖ ಎತ್ತದೆಯೇ ತಲೆ ಅಲ್ಲಾಡಿಸಿದ. ಇಲ್ಲ ಅಂತ.

ಚಂದು ಎದ್ದಳು. ಸೀರೆಯ ನೆರಿಗೆ ಸರಿಮಾಡಿಕೊಂಡಳು. ಅಣ್ಣ ಸತ್ತರೆ ತಂಗಿ ಬಂದು ಹೆಣದ ಮೇಲೆ ಬಿದ್ದು ಅಳದೆ ಅವರಲ್ಲಿ ಹೆಣ ಎತ್ತುವುದಿಲ್ಲ. ಎಷ್ಟೇ ಜಗಳ ಇರಲಿ, ಮಾತು ಬಿಟ್ಟಿರಲಿ, ಆ ಒಂದು ಅಳುವನ್ನು, ಅವರ ಮಾತಲ್ಲಿ ಮರ್ಕುವುದನ್ನು, ಯಾವ ತಂಗಿಯೂ ಇಲ್ಲ ಅಂದದ್ದಿಲ್ಲ.

“ಅಣ್ಣಾ,” ಅಂದಳು ಅವಳು, ಬೈಗುಳದ ಸ್ವರವಲ್ಲ, ಕೆಲಸದ ಮಾತು ಹೇಳುವ ಸ್ವರ. “ನೀ ಸತ್ರೆ ನಾ ಮರ್ಕುದಿಲ್ಲೆ. ವನಜತ್ತಿಗೆ, ನವ್ಯಾ, ನೀವಿಬ್ರೂ ಕೇಂಡಿದ್ರಿ. ಆ ದಿನ ನನ್ನ ಕರೂಕೆ ಜನ ಕಳ್ಸುಕಾಗ.”

ಬಚ್ಚನ ಬಿಕ್ಕು ಅಲ್ಲಿಗೇ ನಿಂತುಹೋಯಿತು. ಅವನು ತಂಗಿಯನ್ನು ಹೆಸರು ಹಿಡಿದು ಕರೆದ. ಎರಡು ಸಲ ಕರೆದ. ಚಂದು ಆಗಲೇ ಅಂಗಳ ದಾಟಿದ್ದಳು.